ಮನೆಯಲ್ಲಿರೋ ಬಾಕ್ಸ್‌ನ ರೆಕಾರ್ಡಿಂಗ್ ಬಂದ್ ಮಾಡಿ ಎಂದಿತ್ತು ಕೋರ್ಟ್: ಪೇಟೆಂಟ್ ಜಗಳದಲ್ಲಿ ಟಿವಿ ಗ್ರಾಹಕನ ಪಾಡೇನು?

ದುಡ್ಡು ಕೊಟ್ಟು ಬಾಕ್ಸ್ ಹಾಕಿಸಿಕೊಂಡಿದ್ದೀರಿ. ತಿಂಗಳು ತಿಂಗಳು ತಪ್ಪದೆ ರೀಚಾರ್ಜ್ ಮಾಡಿಸ್ತೀರಿ. ಒಂದು ದಿನ ಎಲ್ಲೋ ದೂರದ ಊರಿನ ಜಡ್ಜ್ ಒಬ್ಬರು, ಈ ಕಂಪನಿ ಬಾಕ್ಸ್‌ಗಳಲ್ಲಿ ರೆಕಾರ್ಡಿಂಗ್ ಸೌಲಭ್ಯವನ್ನು 30 ದಿನದೊಳಗೆ ನಿಲ್ಲಿಸಬೇಕು ಅಂತ ಆದೇಶ ಹೊರಡಿಸಿದರೆ? ನೀವು ಯಾವ ತಪ್ಪೂ ಮಾಡಿಲ್ಲ. ಕೇಸಿನಲ್ಲಿ ನಿಮ್ಮ ಹೆಸರೂ ಇಲ್ಲ, ನಿಮ್ಮನ್ನು ಯಾರೂ ಒಂದು ಮಾತು ಕೇಳಿಯೂ ಇಲ್ಲ.

ಇದು ಕಟ್ಟುಕತೆ ಅಲ್ಲ. 2006ರ ಆಗಸ್ಟ್ 17ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಫೆಡರಲ್ ಕೋರ್ಟಿನ ನ್ಯಾಯಾಧೀಶ ಡೇವಿಡ್ ಫೋಲ್ಸಮ್ ಕೊಟ್ಟ ಆದೇಶ. ಜಗಳ ಇದ್ದದ್ದು ಟಿವೋ ಮತ್ತು ಎಕೋಸ್ಟಾರ್ ಎಂಬ ಎರಡು ಕಂಪನಿಗಳ ನಡುವೆ. ಎಕೋಸ್ಟಾರ್ ಅಂದರೆ ಆಗ ಡಿಶ್ ನೆಟ್‌ವರ್ಕ್ ಹೆಸರಲ್ಲಿ ಉಪಗ್ರಹ ಟಿವಿ ಸೇವೆ ಕೊಡುತ್ತಿದ್ದ ಕಂಪನಿ.

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ಡಿಶ್ ನೆಟ್‌ವರ್ಕ್‌ಗೂ ನಮ್ಮ ಕಡೆ ಮನೆಗಳ ಮೇಲೆ ಕಾಣೋ ಡಿಶ್ ಟಿವಿಗೂ ಸಂಬಂಧವಿಲ್ಲ. ಹೆಸರು ಹತ್ತಿರ ಹತ್ತಿರ ಇದೆ ಅಷ್ಟೇ. ನಮ್ಮ ಡಿಶ್ ಟಿವಿ ಜೀ ಬಳಗದಿಂದ ಬಂದದ್ದು, ಅದು ಅಮೆರಿಕದ್ದು. ಹಾಗಾಗಿ ಮುಂದೆ ಓದುವಾಗ ಯಾರೂ ಗಾಬರಿಯಾಗಿ ಛತ್ರಿ ಬಿಚ್ಚಿಸೋ ಅಗತ್ಯ ಇಲ್ಲ.

ಆದರೂ ಇಲ್ಲಿನವರಿಗೆ ಒಂದು ನಂಟಿದೆ. ಭಾರತೀಯ ಭಾಷೆಗಳ ಚಾನೆಲ್‌ಗಳನ್ನು ಅಮೆರಿಕದ ಮನೆಗಳಿಗೆ ಮುಟ್ಟಿಸುತ್ತಾ ಬಂದ ಮುಖ್ಯ ಕಂಪನಿಗಳಲ್ಲಿ ಡಿಶ್ ನೆಟ್‌ವರ್ಕ್ ಕೂಡ ಒಂದು. ನಮ್ಮ ಮಧ್ಯಾಹ್ನ ಎರಡೂವರೆಗೆ ಶುರುವಾಗೋ ಕ್ರಿಕೆಟ್ ಮ್ಯಾಚ್ ನ್ಯೂಯಾರ್ಕಿನಲ್ಲಿ ಬೇಸಿಗೆಯಾದರೆ ಬೆಳಗಿನ ಜಾವ ಐದಕ್ಕೆ, ಚಳಿಗಾಲವಾದರೆ ನಾಲ್ಕಕ್ಕೆ. ಡ್ಯೂಟಿಗೆ ಹೋಗುವವರು ಅಷ್ಟು ಹೊತ್ತಿಗೆ ಎದ್ದು ಕೂರೋಕಾಗುತ್ತಾ? ರೆಕಾರ್ಡ್ ಮಾಡಿಟ್ಟುಕೊಂಡು ಸಂಜೆ ನೋಡಬೇಕು. ಅಂಥ ಮನೆಗಳಿಗೆ ರೆಕಾರ್ಡರ್ ಅನ್ನೋದು ಶೋಕಿ ವಸ್ತು ಅಲ್ಲ.

ನಾಲೆ ನೀರು, ಕೆರೆ ನೀರು

ಜಗಳ ಅರ್ಥ ಆಗಬೇಕಾದರೆ ರೆಕಾರ್ಡರ್ ಏನು ಮಾಡುತ್ತೆ ಅಂತ ಗೊತ್ತಾಗಬೇಕು. ಸಾಮಾನ್ಯ ಟಿವಿ ನಾಲೆ ನೀರಿದ್ದ ಹಾಗೆ. ಬಂದಾಗ ಗದ್ದೆಗೆ ಕಟ್ಟಿಕೊಳ್ಳಬೇಕು, ಬಿಟ್ಟರೆ ಹೋಯಿತು. ಡಿಜಿಟಲ್ ವಿಡಿಯೋ ರೆಕಾರ್ಡರ್, ಅಂದರೆ ಡಿವಿಆರ್, ಕೆರೆ ಇದ್ದ ಹಾಗೆ. ಒಂದು ಕಡೆಯಿಂದ ನೀರು ತುಂಬುತ್ತಲೇ ಇರುತ್ತೆ, ಇನ್ನೊಂದು ಕಡೆ ತೂಬು ಎತ್ತಿದಾಗ ಬಿಟ್ಟುಕೊಳ್ಳಬಹುದು. ಎರಡೂ ಒಟ್ಟಿಗೆ ನಡೆಯುತ್ತೆ. ಕಾರ್ಯಕ್ರಮ ಇನ್ನೂ ಪ್ರಸಾರ ಆಗುತ್ತಿರುವಾಗಲೇ ಅದನ್ನು ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಊಟ ಮುಗಿಸಿ ಬಂದು ಬಿಟ್ಟಲ್ಲಿಂದ ನೋಡಬಹುದು. ಹಳೇ ವಿಸಿಆರ್ ಕ್ಯಾಸೆಟ್ಟಿನಲ್ಲಿ ಇದು ಆಗುತ್ತಿರಲಿಲ್ಲ. ರೆಕಾರ್ಡ್ ಮುಗಿಯೋವರೆಗೂ ಕಾದು, ರಿವೈಂಡ್ ಮಾಡಿ, ಆಮೇಲೆ ನೋಡಬೇಕಿತ್ತು.

ಕೇಳೋಕೆ ಸುಲಭ. ಆದರೆ ಒಳಗಡೆ ಕಷ್ಟದ ಕೆಲಸ. ಉಪಗ್ರಹದಿಂದ ಬರೋದು ಚಿತ್ರವಲ್ಲ, ಒತ್ತಿ ಒತ್ತಿ ಸಣ್ಣದು ಮಾಡಿದ ಅಂಕಿಗಳ ಹರಿವು. ಅದರಲ್ಲಿ ಚಿತ್ರ ಯಾವುದು, ಧ್ವನಿ ಯಾವುದು, ಒಂದೊಂದು ಚಿತ್ರ ಎಲ್ಲಿ ಶುರುವಾಗುತ್ತೆ ಅನ್ನೋದನ್ನು ಗುರುತು ಹಚ್ಚಬೇಕು. ಹಾರ್ಡ್ ಡಿಸ್ಕಿಗೆ ಬರೆಯುತ್ತಲೇ ಅದೇ ಡಿಸ್ಕಿನಿಂದ ಓದಬೇಕು. 1990ರ ದಶಕದ ಕೊನೆಯಲ್ಲಿ ಇದಕ್ಕೆ ಬೇಕಾದ ವೇಗದ ಕಂಪ್ಯೂಟರ್ ಚಿಪ್ ಹಾಕಿದರೆ ಬಾಕ್ಸಿನ ಬೆಲೆ ಜನಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ. ಕಡಿಮೆ ಬೆಲೆಯ ಚಿಪ್ಪಿನಲ್ಲೇ ಇದನ್ನು ಮಾಡೋ ಉಪಾಯ ಕಂಡುಕೊಂಡಿದ್ದು ಟಿವೋ.

ಜಿಮ್ ಬಾರ್ಟನ್ ಮತ್ತು ಮೈಕ್ ರಾಮ್ಸೆ ಇಬ್ಬರು ಸೇರಿ 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಕಂಪನಿ ಅದು. 1998ರ ಜುಲೈ 30ಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1999ರಲ್ಲಿ ಬಾಕ್ಸ್ ಮಾರುಕಟ್ಟೆಗೆ ಬಂತು. 2001ರ ಮೇ 15ಕ್ಕೆ ಪೇಟೆಂಟ್ ಸಿಕ್ಕಿತು. ಅದರ ನಂಬರ್ 6,233,389. ವಕೀಲರ ಬಾಯಲ್ಲಿ ಇದು ‘389 ಪೇಟೆಂಟ್’ ಆಯಿತು. ಮುಂದಿನ ಹತ್ತು ಹನ್ನೆರಡು ವರ್ಷ ಅಮೆರಿಕದ ಟಿವಿ ಉದ್ಯಮ ಈ ಮೂರು ಅಂಕಿಗಳ ಸುತ್ತಲೇ ಗಿರಕಿ ಹೊಡೆಯಿತು ಅಂದರೂ ತಪ್ಪಿಲ್ಲ.

ಟಿವೋ ಬಾಕ್ಸ್ ಜನಕ್ಕೆ ಇಷ್ಟ ಆಯಿತು. ಆದರೆ ಒಂದು ತೊಡಕು. ಗ್ರಾಹಕ ಮೊದಲು ಟಿವೋ ಬಾಕ್ಸ್ ಕೊಳ್ಳಬೇಕು, ಆಮೇಲೆ ತಿಂಗಳಿಗೆ 12.95 ಡಾಲರ್‌ವರೆಗೂ ಕಟ್ಟಬೇಕು, ಕೇಬಲ್ ಬಿಲ್ ಬೇರೆ. ಇತ್ತ ಕೇಬಲ್ ಮತ್ತು ಉಪಗ್ರಹ ಕಂಪನಿಗಳು ತಾವೇ ಬಾಕ್ಸಿನೊಳಗೆ ರೆಕಾರ್ಡರ್ ಸೇರಿಸಿ, ಕಡಿಮೆ ಬಾಡಿಗೆಗೆ ಮನೆಗೆ ತಂದು ಕೂರಿಸತೊಡಗಿದವು. ಗ್ರಾಹಕನಿಗೆ ಎರಡು ಬಾಕ್ಸಿನ ತಲೆನೋವಿಲ್ಲ, ಎರಡು ರಿಮೋಟ್ ಇಲ್ಲ. ಟಿವೋ ವ್ಯಾಪಾರಕ್ಕೆ ಪೆಟ್ಟು ಬಿತ್ತು. ನಮ್ಮ ತಂತ್ರವನ್ನೇ ಬಳಸಿಕೊಂಡು ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಿದ್ದಾರೆ ಅನ್ನೋದು ಟಿವೋ ವಾದ. 2004ರ ಜನವರಿಯಲ್ಲಿ ಎಕೋಸ್ಟಾರ್ ಮೇಲೆ ದಾವೆ ಹೂಡಿತು. ಎಕೋಸ್ಟಾರ್ ಕೂಡ ಸುಮ್ಮನಿರಲಿಲ್ಲ, ತನ್ನ ಪೇಟೆಂಟ್‌ಗಳನ್ನು ಟಿವೋ ಮುರಿದಿದೆ ಅಂತ ಮರುವರ್ಷ ಅದೂ ಒಂದು ಕೇಸ್ ಜಡಿಯಿತು.

1,92,708 ಬಾಕ್ಸ್ ಬಚಾವ್, ಮಿಕ್ಕವು ಬಂದ್

2006ರ ಏಪ್ರಿಲ್ 13ಕ್ಕೆ ಟೆಕ್ಸಾಸಿನ ಜ್ಯೂರಿ ಟಿವೋ ಪರ ತೀರ್ಪು ಕೊಟ್ಟಿತು. ಪರಿಹಾರ ಸುಮಾರು 7 ಕೋಟಿ 40 ಲಕ್ಷ ಡಾಲರ್. ಇದರಲ್ಲಿ ಎರಡು ಭಾಗ. ಎಕೋಸ್ಟಾರ್ ಈ ಬಾಕ್ಸ್ ಮಾರದೇ ಇದ್ದಿದ್ದರೆ ಟಿವೋಗೇ ಸಿಗುತ್ತಿದ್ದ ಲಾಭ ಒಂದು. ಮಿಕ್ಕ ಬಾಕ್ಸ್‌ಗಳಿಗೆ ನ್ಯಾಯವಾಗಿ ಕೊಡಬೇಕಿದ್ದ ರಾಯಲ್ಟಿ ಇನ್ನೊಂದು.

ಆಗಸ್ಟ್‌ನಲ್ಲಿ ಬಂದ ಆದೇಶದಲ್ಲಿ ಈ ಲೆಕ್ಕವೇ ಒಂದು ವಿಚಿತ್ರ ಸಂಖ್ಯೆಯಾಗಿ ಕೂತಿತ್ತು. ಗ್ರಾಹಕರ ಮನೆಯಲ್ಲಿ ಈಗಾಗಲೇ ಇರುವ ಬಾಕ್ಸ್‌ಗಳಲ್ಲೂ ಹಾರ್ಡ್ ಡಿಸ್ಕಿಗೆ ಬರೆಯೋದು, ಅದರಿಂದ ಓದೋದು ಎರಡನ್ನೂ ನಿಲ್ಲಿಸಬೇಕು, ಆದರೆ 1,92,708 ಬಾಕ್ಸ್‌ಗಳನ್ನು ಬಿಟ್ಟು. ಯಾಕೆ ಬಿಟ್ಟು? ಅಷ್ಟು ಬಾಕ್ಸ್‌ಗಳ ಬಾಬ್ತು ಟಿವೋಗೆ ಪೂರ್ತಿ ಲಾಭನಷ್ಟ ಸಿಕ್ಕಾಗಿತ್ತು. ಪೂರ್ತಿ ದುಡ್ಡು ತಗೊಂಡ ಮೇಲೆ ಅದು ಮಾರಿದ ಸರಕಿನ ಲೆಕ್ಕ, ಮತ್ತೆ ಅದನ್ನು ಬಂದ್ ಮಾಡಿಸೋಕೆ ಬರಲ್ಲ. ಕಾನೂನಿನ ತರ್ಕ ಸರಿಯಾಗೇ ಇದೆ. ಆದರೆ ಗ್ರಾಹಕನ ಜಾಗದಲ್ಲಿ ನಿಂತು ನೋಡಿ. ಪಕ್ಕದ ಮನೆಯಲ್ಲೂ ಅದೇ ಮಾಡೆಲ್, ನಿಮ್ಮ ಮನೆಯಲ್ಲೂ ಅದೇ ಮಾಡೆಲ್. ಅವರದ್ದು ಓಡಬಹುದು, ನಿಮ್ಮದು ನಿಲ್ಲಬೇಕು. ಒಂದೇ ಓಣಿಯ ಎರಡು ನಲ್ಲಿಯಲ್ಲಿ ಒಂದಕ್ಕೆ ಮಾತ್ರ ನೀರು ಬಿಟ್ಟ ಹಾಗೆ.

ಅಂಗಡಿಯವರ ಕಷ್ಟ ಬೇರೆ. ಡಿಪಿ-501, ಡಿಪಿ-522, ಡಿಪಿ-625, ಡಿಪಿ-942 ಹೀಗೆ ಎಂಟು ಮಾಡೆಲ್‌ಗಳ ಹೆಸರು ಆದೇಶದಲ್ಲಿತ್ತು. ಇವನ್ನು ಇನ್ನು ಮುಂದೆ ಮಾರುವ ಹಾಗೂ ಇಲ್ಲ. ಅಂಗಡಿಯವ ದುಡ್ಡು ಹಾಕಿ ಸ್ಟಾಕ್ ತಂದಿಟ್ಟಿದ್ದರೆ ಅದು ಗೋದಾಮಲ್ಲೇ ಧೂಳು ತಿನ್ನಬೇಕು. ಪೇಟೆಂಟ್ ಯಾರದ್ದು, ಚಿಪ್ ಯಾವುದು ಅಂತ ಯಾವ ಅಂಗಡಿಯವನಿಗೆ ತಾನೆ ಗೊತ್ತಿರುತ್ತೆ?

ಅದೃಷ್ಟಕ್ಕೆ ಆ 30 ದಿನ ಮುಗಿಯೋದರೊಳಗೇ ಮೇಲಿನ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ರೆಕಾರ್ಡರ್‌ಗಳು ಓಡುತ್ತಲೇ ಇದ್ದವು.

ರಾತ್ರೋರಾತ್ರಿ ಬದಲಾದ ಬಾಕ್ಸ್

ಇನ್ನು ಬರೋದೇ ಈ ಕತೆಯ ಮುಖ್ಯ ಭಾಗ. ಪೇಟೆಂಟ್ ಮುರಿದಿದ್ದೀರಿ ಅಂತ ಕೋರ್ಟ್ ಹೇಳಿದಾಗ ಕಂಪನಿ ಮುಂದೆ ಇರೋದು ಮೂರೇ ದಾರಿ. ಮಾರೋದು ನಿಲ್ಲಿಸಬೇಕು, ಇಲ್ಲವೇ ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕು, ಇಲ್ಲವೇ ಪೇಟೆಂಟ್ ತಾಗದ ಹಾಗೆ ಯಂತ್ರವನ್ನೇ ಬೇರೆ ಥರ ಮಾಡಬೇಕು. ಎಕೋಸ್ಟಾರ್ ಮೂರನೇ ದಾರಿ ಹಿಡಿಯಿತು. 15 ಎಂಜಿನಿಯರ್‌ಗಳು ಒಂದು ವರ್ಷದಲ್ಲಿ 8,000 ಗಂಟೆ ಕೂತು ಸಾಫ್ಟ್‌ವೇರ್ ಬದಲಾಯಿಸಿದರು. ಮೊದಲು ರೆಕಾರ್ಡ್ ಆಗುವಾಗಲೇ ಒಂದೊಂದು ಚಿತ್ರ ಎಲ್ಲಿ ಶುರು ಅನ್ನೋದನ್ನು ಹುಡುಕಿ ಪಟ್ಟಿ ಮಾಡಿಡುತ್ತಿದ್ದ ಬಾಕ್ಸ್, ಈಗ ಸರಾಸರಿ ಲೆಕ್ಕದ ಮೇಲೆ ಇಲ್ಲಿರಬಹುದು ಅಂತ ಅಂದಾಜು ಹಾಕುವಂತಾಯಿತು. ಪುಸ್ತಕದ ಕೊನೆಯಲ್ಲಿ ಪುಟಸೂಚಿ ಇದ್ದದ್ದನ್ನು ಕಿತ್ತುಹಾಕಿ, ಸುಮಾರಾಗಿ ನಡುವಿನಲ್ಲಿ ತೆರೆದು ಹುಡುಕು ಅಂದಂತೆ.

ಈ ಹೊಸ ಸಾಫ್ಟ್‌ವೇರ್ ಹಂಚೋಕೆ ಯಾರೂ ಮನೆಮನೆಗೆ ಹೋಗಲಿಲ್ಲ. ಉಪಗ್ರಹದಿಂದಲೇ ಬಾಕ್ಸ್‌ಗಳಿಗೆ ಇಳಿಸಿಬಿಟ್ಟರು. ಗ್ರಾಹಕ ಬೆಳಗ್ಗೆ ಎದ್ದಾಗ ಬಾಕ್ಸ್ ಅದೇ, ರಿಮೋಟ್ ಅದೇ, ಒಳಗಿನ ಯಂತ್ರ ಮಾತ್ರ ಬೇರೆ. ನಿಮ್ಮ ಮನೆಯ ಬಾಕ್ಸಿನ ಮೇಲೆ ನಿಮಗಿಂತ ಕಂಪನಿಯ ಕೈ ಎಷ್ಟು ಉದ್ದ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕಂಪನಿ ಬಯಸಿದರೆ ಸೌಲಭ್ಯ ಸೇರಿಸುತ್ತೆ, ಕೋರ್ಟ್ ಹೇಳಿದರೆ ಅದೇ ದಾರಿಯಲ್ಲಿ ಕಿತ್ತುಕೊಳ್ಳುತ್ತೆ. ನ್ಯಾಯಾಧೀಶರು ಮನೆಯೊಳಗಿನ ಬಾಕ್ಸನ್ನೂ ಬಂದ್ ಮಾಡಿ ಅನ್ನೋಕೆ ಸಾಧ್ಯ ಆಗಿದ್ದೇ ಈ ತಂತಿಯಿಲ್ಲದ ತಂತಿಯಿಂದ. ಹಳೇ ವಿಸಿಆರ್ ಕಾಲದಲ್ಲಿ ಯಾರ ಮನೆಯ ಪೆಟ್ಟಿಗೆಯನ್ನು ಯಾರು ದೂರದಿಂದ ನಿಲ್ಲಿಸೋಕಾಗುತ್ತಿತ್ತು?

2008ರ ಜನವರಿ 31ಕ್ಕೆ ಮೇಲ್ಮನವಿ ಕೋರ್ಟ್ ತೀರ್ಪು ಬಂತು. ಯಂತ್ರಾಂಶದ ಬಗ್ಗೆ ಟಿವೋ ಸೋತಿತು, ತಂತ್ರಾಂಶದ ಬಗ್ಗೆ ಗೆದ್ದಿತು. ಪರಿಹಾರದ ಮೊತ್ತಕ್ಕೆ ಧಕ್ಕೆ ಆಗಲಿಲ್ಲ. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಕೋಸ್ಟಾರ್ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಹೆಚ್ಚು ಹಣ ಟಿವೋ ಕೈ ಸೇರಿತು.

ಇಲ್ಲಿಗೆ ಮುಗೀತು ಅಂದುಕೊಂಡರೆ, ಇಲ್ಲ. ತಡೆಯಾಜ್ಞೆ ಎದ್ದುಹೋಯಿತಲ್ಲ, ಹಳೇ ಆದೇಶ ಮತ್ತೆ ಜೀವ ಪಡೆಯಿತು. ನಾವು ಸಾಫ್ಟ್‌ವೇರ್ ಬದಲಾಯಿಸಿದ್ದೇವೆ, ಈಗ ಆ ಬಾಕ್ಸ್‌ಗಳು ಪೇಟೆಂಟ್ ಮುರಿಯುತ್ತಿಲ್ಲ, ಬಂದ್ ಯಾಕೆ ಮಾಡಬೇಕು ಅಂತ ಎಕೋಸ್ಟಾರ್. ಆದೇಶದಲ್ಲಿ ರೆಕಾರ್ಡಿಂಗ್ ಬಂದ್ ಮಾಡಿ ಅಂತಿದೆ, ಬದಲಾಯಿಸಿ ಅಂತಿಲ್ಲ, ಎಂದಿತು ಟಿವೋ. ಎರಡು ಕಡೆಯ ಮಾತಿನಲ್ಲೂ ಹುರುಳಿದೆ. ನ್ಯಾಯಾಧೀಶ ಫೋಲ್ಸಮ್ 2009ರ ಜೂನ್‌ನಲ್ಲಿ ಟಿವೋ ಮಾತು ಒಪ್ಪಿ, ಇದು ನ್ಯಾಯಾಂಗ ನಿಂದನೆ ಎಂದರು. ಹೆಚ್ಚುವರಿ ಪರಿಹಾರ ಅಂತ ಸುಮಾರು 10 ಕೋಟಿ 30 ಲಕ್ಷ ಡಾಲರ್, ಆಮೇಲೆ ದಂಡ ಅಂತ ಇನ್ನೂ 9 ಕೋಟಿಯ ಹತ್ತಿರ.

ಆ ದಂಡದ ಲೆಕ್ಕ ಹಾಕಿದ ರೀತಿ ಗ್ರಾಹಕರು ಗಮನಿಸಬೇಕಾದ್ದು. ಬಾಕ್ಸಿಗೆ ಇಷ್ಟು ಅಂತಲ್ಲ. ಒಬ್ಬ ಡಿವಿಆರ್ ಗ್ರಾಹಕನಿಗೆ ತಿಂಗಳಿಗೆ 2.25 ಡಾಲರ್. ವರ್ಷಕ್ಕೆ 27 ಡಾಲರ್. ಅಂದರೆ ಗ್ರಾಹಕನ ತಲೆ ಎಣಿಸಿಯೇ ದಂಡ ಹಾಕಿದ್ದು.

ಎಕೋಸ್ಟಾರ್ ಮತ್ತೆ ಮೇಲಿನ ಕೋರ್ಟಿಗೆ ಹೋಯಿತು. 2010ರ ಮಾರ್ಚ್‌ನಲ್ಲಿ ಮೂವರ ಪೀಠದಲ್ಲಿ ಸೋತಿತು. ಮೇ ತಿಂಗಳಲ್ಲಿ ಪೂರ್ಣಪೀಠ ಮರುವಿಚಾರಣೆಗೆ ಒಪ್ಪಿತು. 2011ರ ಏಪ್ರಿಲ್ 20ರ ತೀರ್ಪಿನಲ್ಲಿ ಹನ್ನೆರಡು ನ್ಯಾಯಾಧೀಶರು ಏಳು-ಐದಾಗಿ ಒಡೆದರು. ಬಂದ್ ಮಾಡಿ ಅಂದಿದ್ದನ್ನು ಪಾಲಿಸಿಲ್ಲ, ದಂಡ ಸರಿ, ಎಂದಿತು ಬಹುಮತ. ಆ ಆದೇಶ ಅತಿಯಾಯಿತು ಅನ್ನಿಸಿದ್ದರೆ ಮೊದಲ ಮೇಲ್ಮನವಿಯಲ್ಲೇ ಹೇಳಬೇಕಿತ್ತು, ಈಗ ಹೇಳಿದರೆ ತಡವಾಯಿತು ಅನ್ನೋದು ಅದರ ಕಾರಣ. ಹೊಸ ಸಾಫ್ಟ್‌ವೇರ್ ನಿಜಕ್ಕೂ ಬೇರೆಯೋ ಅಲ್ಲವೋ ಅನ್ನೋದನ್ನು ಮಾತ್ರ ಹೊಸ ಅಳತೆಗೋಲಿನಲ್ಲಿ ಮತ್ತೆ ನೋಡಿ ಅಂತ ಕೆಳಗಿನ ಕೋರ್ಟಿಗೆ ಕಳಿಸಿತು. ಎಂಟು ಸಾವಿರ ಗಂಟೆ ಪ್ರಾಮಾಣಿಕವಾಗಿ ದುಡಿದಿದ್ದೇವೆ ಅನ್ನೋ ವಾದ ನಿಂದನೆ ಆರೋಪದಿಂದ ಪಾರು ಮಾಡಲಿಲ್ಲ.

ಎರಡು ವಾರವೂ ಕಳೆದಿರಲಿಲ್ಲ, 2011ರ ಮೇ 2ಕ್ಕೆ ರಾಜಿ ಆಯಿತು. 50 ಕೋಟಿ ಡಾಲರ್. 30 ಕೋಟಿ ಆಗಲೇ, ಮಿಕ್ಕ 20 ಕೋಟಿ 2012ರಿಂದ 2017ರವರೆಗೆ ಆರು ಕಂತಿನಲ್ಲಿ. ಎರಡೂ ಕಂಪನಿಗಳು ಪರಸ್ಪರ ಕೇಸ್ ವಾಪಸ್ ತಗೊಂಡವು, ಪೇಟೆಂಟ್ ಬಳಸೋಕೆ ಅನುಮತಿ ಕೊಟ್ಟುಕೊಂಡವು. ಏಳು ವರ್ಷ ತಲೆ ಮೇಲೆ ಕತ್ತಿ ತೂಗುತ್ತಿದ್ದರೂ ಕೊನೆಗೆ ಈ ಆದೇಶದಿಂದ ಯಾರ ಮನೆಯ ರೆಕಾರ್ಡರ್ರೂ ನಿಲ್ಲಲಿಲ್ಲ.

ದುಡ್ಡು ಯಾರ ಜೇಬಿಂದ?

ಇಲ್ಲಿ ಒಂದು ಸರಳ ಪ್ರಶ್ನೆ ಏಳುತ್ತೆ. ಡಿಶ್ ನಂತರ ಟಿವೋ ಮುಂದಿನ ಬಾಗಿಲು ಬಡಿಯುತ್ತಾ ಹೋಯಿತು. 2012ರ ಜನವರಿಯಲ್ಲಿ ಎಟಿ ಅಂಡ್ ಟಿ ಕನಿಷ್ಠ 21.5 ಕೋಟಿ ಡಾಲರ್ ಕೊಡೋಕೆ ಒಪ್ಪಿತು. ಸೆಪ್ಟೆಂಬರ್‌ನಲ್ಲಿ ವೆರೈಜನ್ 25 ಕೋಟಿ. 2013ರ ಜೂನ್‌ನಲ್ಲಿ ಸಿಸ್ಕೊ, ಮೊಟೊರೊಲಾ ಪರವಾಗಿ ಗೂಗಲ್, ಆರಿಸ್, ಟೈಮ್ ವಾರ್ನರ್ ಕೇಬಲ್ ಸೇರಿದ ರಾಜಿಯಲ್ಲಿ 49 ಕೋಟಿ. ಡಿಶ್ ಮೊದಲೇ ಕಟ್ಟಿದ್ದನ್ನೂ ಕೂಡಿದರೆ ಮೊತ್ತ 150 ಕೋಟಿ ಡಾಲರ್ ದಾಟುತ್ತದೆ.

ಯಾವ ಕಂಪನಿಯೂ ಬಿಲ್ಲಿನಲ್ಲಿ ‘ಟಿವೋ ಪೇಟೆಂಟ್ ಬಾಬ್ತು’ ಅಂತ ಒಂದು ಸಾಲು ಹಾಕಲ್ಲ. ಅದು ಡಿವಿಆರ್ ಶುಲ್ಕ, ಬಾಕ್ಸ್ ಬಾಡಿಗೆ, ಪ್ಯಾಕೇಜ್ ದರ ಇವುಗಳಲ್ಲೇ ಎಲ್ಲೋ ಕರಗಿ ಹೋಗುತ್ತೆ. ಪೂರ್ತಿ ಹೊರೆ ಗ್ರಾಹಕನ ಮೇಲೆ ಬಿತ್ತು ಅಂತ ಹೇಳೋದೂ ತಪ್ಪು, ಷೇರುದಾರರ ಲಾಭದಲ್ಲೂ ಒಂದಿಷ್ಟು ಕಡಿತ ಆಗಿರುತ್ತೆ. ಆದರೆ ಕಿರಾಣಿ ಅಂಗಡಿ ನಡೆಸುವವರಿಗೆ ಇದು ಹೇಳಿಕೊಡಬೇಕಿಲ್ಲ. ಎಪಿಎಂಸಿಯಲ್ಲಿ ಸೆಸ್ ಏರಿದರೆ ಅದು ಬೇಳೆಯ ರೇಟಿನಲ್ಲಿ ಕಾಣಿಸಿಕೊಳ್ಳೋದಕ್ಕೆ ಎಷ್ಟು ದಿನ ಬೇಕು?

ಹಾಗಂತ ಟಿವೋ ಮಾಡಿದ್ದೇ ತಪ್ಪು ಅನ್ನೋಕಾಗಲ್ಲ. ಸಣ್ಣ ಕಂಪನಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಂಡುಹಿಡಿದದ್ದನ್ನು ದೊಡ್ಡವರು ಬಾಡಿಗೆ ಬಾಕ್ಸಿನಲ್ಲಿ ಹಾಕಿ ಹಂಚಿಬಿಟ್ಟರೆ ಅದಕ್ಕೆ ಬೆಲೆ ಕೇಳೋದು ನ್ಯಾಯವೇ. ತಕರಾರು ಇರೋದು ಬೆಲೆ ಕೇಳೋ ಜಾಗದ ಬಗ್ಗೆ. ಕಂಪನಿಗಳ ಜಗಳದಲ್ಲಿ ಮನೆಯೊಳಗಿನ ಬಾಕ್ಸ್ ಒತ್ತೆಯಾಳಾದಾಗ, ಆ ಮನೆಯವರ ಪರವಾಗಿ ಕೋರ್ಟಿನಲ್ಲಿ ನಿಲ್ಲುವವರು ಯಾರೂ ಇರಲಿಲ್ಲ. ಗ್ರಾಹಕರಿಗೆ ತೊಂದರೆ ಆಗುತ್ತೆ ಅಂತ ಹೇಳುತ್ತಿದ್ದವರು ಎಕೋಸ್ಟಾರ್ ವಕೀಲರೇ. ಅವರು ಹೇಳಿದ್ದು ತಮ್ಮ ಕಕ್ಷಿದಾರನ ಅನುಕೂಲಕ್ಕೆ.

ಕಾಮ್‌ಕಾಸ್ಟ್ ಮನೆಗಳಲ್ಲಿ ನಿಜಕ್ಕೂ ಹೋಯಿತು

ಡಿಶ್ ಗ್ರಾಹಕರು ಬಚಾವಾದರು. ಕಾಮ್‌ಕಾಸ್ಟ್ ಗ್ರಾಹಕರು ಆಗಲಿಲ್ಲ. 2016ರಲ್ಲಿ ರೋವಿ ಎಂಬ ಕಂಪನಿ ಟಿವೋವನ್ನು ಸುಮಾರು 110 ಕೋಟಿ ಡಾಲರಿಗೆ ಕೊಂಡು, ತಾನೂ ಟಿವೋ ಹೆಸರನ್ನೇ ಇಟ್ಟುಕೊಂಡಿತು. ರೋವಿ ಕೈಯಲ್ಲಿದ್ದದ್ದು ಚಾನೆಲ್ ಗೈಡ್, ರೆಕಾರ್ಡಿಂಗ್ ಇವಕ್ಕೆ ಸಂಬಂಧಿಸಿದ ಬೇರೆ ಪೇಟೆಂಟ್‌ಗಳು. ಅದು ಕೇಬಲ್ ದೈತ್ಯ ಕಾಮ್‌ಕಾಸ್ಟ್ ಮೇಲೆ ಹೋಯಿತು, ಅದೂ ಮಾಮೂಲಿ ಕೋರ್ಟಿಗಷ್ಟೇ ಅಲ್ಲ, ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೂ. ಈ ಆಯೋಗಕ್ಕೆ ಪರಿಹಾರ ಕೊಡಿಸೋ ಅಧಿಕಾರವಿಲ್ಲ. ಆದರೆ ಸರಕು ಬಂದರಿನಲ್ಲೇ ಇಳಿಯದ ಹಾಗೆ ಮಾಡೋ ಅಧಿಕಾರವಿದೆ. ಬಾಕ್ಸ್‌ಗಳು ಹೊರದೇಶದಲ್ಲಿ ತಯಾರಾಗಿ ಬರೋದರಿಂದ ಇದು ದೊಡ್ಡ ಅಸ್ತ್ರ.

2017ರ ನವೆಂಬರ್‌ನಲ್ಲಿ ಆಯೋಗ ಎರಡು ಪೇಟೆಂಟ್‌ಗಳ ಬಗ್ಗೆ ಕಾಮ್‌ಕಾಸ್ಟ್ ವಿರುದ್ಧ ಹೇಳಿತು. ಅವು ಮನೆಯ ಹೊರಗಿದ್ದೇ ಮೊಬೈಲಿನಿಂದ ರೆಕಾರ್ಡಿಂಗ್ ನಿಗದಿ ಮಾಡೋ ಸೌಲಭ್ಯದ ಪೇಟೆಂಟ್‌ಗಳು. ಕಾಮ್‌ಕಾಸ್ಟ್ ಏನು ಮಾಡಿತು? ಬಾಕ್ಸ್ ಬರೋದು ನಿಲ್ಲಬಾರದು ಅಂತ ಆ ಸೌಲಭ್ಯವನ್ನೇ ತೆಗೆದುಹಾಕಿತು. ಆಫೀಸಿನಲ್ಲಿ ಕೂತು, ಅಯ್ಯೋ ಇವತ್ತಿನ ಮ್ಯಾಚ್ ರೆಕಾರ್ಡಿಗೆ ಹಾಕೋದು ಮರೆತೆ ಅಂತ ಫೋನ್ ತೆಗೆದವರಿಗೆ ಅದು ಇಲ್ಲವಾಯಿತು. ಇದರ ಮೇಲಿನ ಮೇಲ್ಮನವಿ 2020ರ ಮಾರ್ಚ್‌ನಲ್ಲಿ ತೀರ್ಮಾನ ಆಗೋ ಹೊತ್ತಿಗೆ ಆ ಎರಡೂ ಪೇಟೆಂಟ್‌ಗಳ ಅವಧಿಯೇ ಮುಗಿದುಹೋಗಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಕಾಮ್‌ಕಾಸ್ಟ್ 15 ವರ್ಷದ ಲೈಸೆನ್ಸ್ ಒಪ್ಪಂದ ಮಾಡಿಕೊಂಡಿತು.

ಪೇಟೆಂಟ್ ಬೇರೆ, ಕಾಪಿರೈಟ್ ಬೇರೆ, ಇದೂ ಗೊತ್ತಿರಲಿ. ಧಾರಾವಾಹಿ ನಿರ್ಮಾಪಕರು, ನಮ್ಮ ಕಾರ್ಯಕ್ರಮ ನಕಲು ಮಾಡ್ತೀರಿ ಅಂತ ಜಗಳ ತೆಗೆದರೆ ಅದು ಕಾಪಿರೈಟ್. ಮನೆಯಲ್ಲಿ ಆಮೇಲೆ ನೋಡೋಕೆ ರೆಕಾರ್ಡ್ ಮಾಡಿಕೊಳ್ಳೋದು ತಪ್ಪಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲೇ, ಸೋನಿ ಬೆಟಾಮ್ಯಾಕ್ಸ್ ಕೇಸಿನಲ್ಲಿ ಐದು-ನಾಲ್ಕರ ಬಹುಮತದಲ್ಲಿ ಹೇಳಿದೆ. ಟಿವೋ ಕೇಸಿನಲ್ಲಿ ಏನನ್ನು ರೆಕಾರ್ಡ್ ಮಾಡಿದಿರಿ ಅನ್ನೋದು ಪ್ರಶ್ನೆಯೇ ಅಲ್ಲ, ಯಾವ ಯಂತ್ರದಿಂದ ಮಾಡಿದಿರಿ ಅನ್ನೋದಷ್ಟೇ.

ಇಲ್ಲಿನ ಅಂಗಡಿಯವರಿಗೆ, ಗ್ರಾಹಕರಿಗೆ

ನಮ್ಮಲ್ಲೂ ರೆಕಾರ್ಡರ್ ಬಾಕ್ಸ್ ಬಂದು ಎಷ್ಟೋ ವರ್ಷ ಆಯಿತು. ಟಾಟಾ ಸ್ಕೈ ಪ್ಲಸ್ 2008ರಲ್ಲೇ ಬಂತು. ಆದರೆ ಅಮೆರಿಕದ ಪೇಟೆಂಟ್ ಅಮೆರಿಕದಲ್ಲಷ್ಟೇ ನಡೆಯುತ್ತೆ. ಇಲ್ಲಿ ನಡೆಯಬೇಕಾದರೆ ಇಲ್ಲಿನ ಪೇಟೆಂಟ್ ಕಚೇರಿಯಲ್ಲೇ ಪಡೆದಿರಬೇಕು. ಅದರಲ್ಲೂ ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂ ಅಂತ ತೋರಿಸಿ ಪೇಟೆಂಟ್ ಕೇಳೋಕಾಗಲ್ಲ. ಟಿವೋ ಗೆದ್ದದ್ದು ತಂತ್ರಾಂಶದ ಅಂಶಗಳ ಮೇಲೆ ಅನ್ನೋದು ನೆನಪಿದ್ದರೆ ಈ ವ್ಯತ್ಯಾಸ ಸಣ್ಣದಲ್ಲ.

ಹಾಗಂತ ಇಲ್ಲಿ ಇಂಥ ಕೇಸ್ ಆಗೇ ಇಲ್ಲ ಅಂತಲ್ಲ. ಒಂದು ಕಾಲದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹೆಸರಿಲ್ಲದ ಕಂಪನಿಗಳ ಅಗ್ಗದ ಡಿವಿಡಿ ಪ್ಲೇಯರ್‌ಗಳು ಸಾಲಾಗಿ ಇರುತ್ತಿದ್ದವು. ಅಂಥ ಪ್ಲೇಯರ್ ಜೋಡಿಸಿ ಮಾರುತ್ತಿದ್ದವರ ಮೇಲೆ ಫಿಲಿಪ್ಸ್ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2018ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಒಂದೊಂದು ಪ್ಲೇಯರ್‌ಗೂ 2010ರ ಮೇ 27ರವರೆಗೆ 3.175 ಡಾಲರ್, ಆಮೇಲಿನದಕ್ಕೆ 1.90 ಡಾಲರ್ ರಾಯಲ್ಟಿ ಕಟ್ಟಿ ಅಂತ. ಪೇಟೆಂಟ್ ಅವಧಿ 2015ರಲ್ಲೇ ಮುಗಿದಿದ್ದರೂ ಹಿಂದಿನ ಬಾಕಿ ತಪ್ಪಲಿಲ್ಲ.

ಕಾಯ್ದೆಯ 48ನೇ ಕಲಂ ನೋಡಿದರೆ ಪೇಟೆಂಟ್ ಇರೋ ವಸ್ತುವನ್ನು ಅನುಮತಿ ಇಲ್ಲದೆ ತಯಾರಿಸೋದಷ್ಟೇ ಅಲ್ಲ, ಬಳಸೋದು, ಮಾರೋದು, ಮಾರಾಟಕ್ಕಿಡೋದು, ಆಮದು ಮಾಡೋದು ಎಲ್ಲವೂ ಉಲ್ಲಂಘನೆಯೇ. ಓದಿದರೆ ಎದೆ ಝಲ್ಲೆನ್ನುತ್ತೆ. ಆದರೆ ಒಂದೊಂದು ಬಾಕ್ಸ್ ಇಟ್ಟುಕೊಂಡ ಮನೆಯವರ ಹಿಂದೆ ಹೋದರೆ ವಕೀಲರ ಫೀಸೂ ಹುಟ್ಟಲ್ಲ, ಹಾಗಾಗಿ ಕಂಪನಿಗಳು ಹಿಡಿಯೋದು ತಯಾರಕರನ್ನು, ಆಮದುದಾರರನ್ನು. 111ನೇ ಕಲಂನಲ್ಲಿ ಅಂಗಡಿಯವರಿಗೆ ಒಂದು ಆಸರೆಯೂ ಇದೆ. ಪೇಟೆಂಟ್ ಇದೆ ಅನ್ನೋದು ಗೊತ್ತಿರಲಿಲ್ಲ, ಗೊತ್ತಾಗೋಕೆ ಕಾರಣವೂ ಇರಲಿಲ್ಲ ಅಂತ ಸಾಬೀತು ಮಾಡಿದರೆ ಪರಿಹಾರ ಕಟ್ಟೋದು ತಪ್ಪುತ್ತೆ. ಡಬ್ಬದ ಮೇಲೆ ನಂಬರ್ ಇಲ್ಲದೆ ಬರೀ ‘ಪೇಟೆಂಟೆಡ್’ ಅಂತ ಅಚ್ಚು ಹಾಕಿದ್ದರೆ, ಅದೊಂದೇ ಕಾರಣಕ್ಕೆ ನಿಮಗೆ ಗೊತ್ತಿತ್ತು ಅಂತ ಹೇಳೋಕೆ ಬರಲ್ಲ. ಮಾರಾಟ ನಿಲ್ಲಿಸಿ ಅನ್ನೋ ಆದೇಶ ಮಾತ್ರ ಆಗಲೂ ಬರಬಹುದು. ಅದಕ್ಕೇ ಇಂಥ ಸರಕು ತರುವಾಗ ಪಕ್ಕಾ ಬಿಲ್ ಇಟ್ಟುಕೊಳ್ಳೋದು ಒಳ್ಳೇದು. ಸರಕು ಎಲ್ಲಿಂದ ಬಂತು ಅಂತ ತೋರಿಸೋಕೆ ಬೇರೆ ಕಾಗದ ಇರಲ್ಲ.

ಗ್ರಾಹಕರು ನೋಡಿಕೊಳ್ಳಬೇಕಾದ್ದು ಒಂದೇ. ಬಾಕ್ಸ್ ನಿಮ್ಮದೋ, ಬಾಡಿಗೆಯದ್ದೋ? ಕನೆಕ್ಷನ್ ಕೊಡುವಾಗ ಸಹಿ ಹಾಕಿಸಿಕೊಂಡ ಫಾರಂನ ಹಿಂಬದಿಯ ಸಣ್ಣ ಅಕ್ಷರದಲ್ಲಿ ಇದು ಇರುತ್ತೆ. ಸಾಫ್ಟ್‌ವೇರ್ ಬದಲಾಯಿಸೋ, ಸೌಲಭ್ಯ ಕಡಿಮೆ ಮಾಡೋ ಹಕ್ಕು ಕಂಪನಿ ಇಟ್ಟುಕೊಂಡಿದೆಯಾ ಅನ್ನೋದನ್ನೂ ಅಲ್ಲೇ ಹುಡುಕಬೇಕು. ಫಾರಂ ಕಳೆದುಹೋಗಿದ್ದರೆ ಆಪರೇಟರ್ ಹತ್ತಿರ ಇನ್ನೊಂದು ಪ್ರತಿ ಕೇಳಬಹುದು.

ಇಷ್ಟೆಲ್ಲ ಕುಸ್ತಿಗೆ ಕಾರಣವಾದ 389 ಪೇಟೆಂಟಿನ ಇಪ್ಪತ್ತು ವರ್ಷ 2018ರ ಜುಲೈ 30ಕ್ಕೆ ಮುಗಿಯಿತು. ಆ ಹೊತ್ತಿಗೆ ಜನ ರೆಕಾರ್ಡ್ ಮಾಡೋದನ್ನೇ ಕಡಿಮೆ ಮಾಡಿ, ಮೊಬೈಲಿನಲ್ಲಿ ಬೇಕಾದಾಗ ಬೇಕಾದ್ದು ನೋಡತೊಡಗಿದ್ದರು.